ತಿಳಿಸುವವನಿಗೆ ಎಷ್ಟು ತಿಳಿದಿರಬೇಕು?

ಅಂಗಡಿಯಿಂದ ಹೊಸ ಮಿಕ್ಸಿಯನ್ನೋ ಇಸ್ತ್ರಿಪೆಟ್ಟಿಗೆಯನ್ನೋ ಮನೆಗೆ ತಂದಾಗ ರಟ್ಟಿನ ಡಬ್ಬದೊಳಗಿನಿಂದ ನಾಲ್ಕಾರು ಮಡಿಕೆಯ ಕಾಗದವೊಂದು ಹೊರಬೀಳುತ್ತದೆ. ಮನೆಯ ಯಜಮಾನರು ಅದನ್ನು ಒಮ್ಮೆ ಬಿಡಿಸಿ, ಎರಡು ಸಾಲು ಓದಿ, ಮತ್ತೆ ಮಡಿಸಿ ಕಪಾಟಿನ ಮೂಲೆಗೆ ಸೇರಿಸುತ್ತಾರೆ. ಯಂತ್ರವು ಹೇಗೋ ನಡೆಯುತ್ತದೆ. ನಡೆಯದೆ ಹೋದರೆ ರಿಪೇರಿಯವನಿದ್ದಾನೆ. ಪಟ್ಟಣದ ಸಂಸಾರಗಳಲ್ಲಿ ಸೂಚನಾಪತ್ರವೆಂಬುದಕ್ಕೆ ಇರುವ ಬೆಲೆ ಇಷ್ಟೇ. ಅದನ್ನು ಯಾರೋ ಒಬ್ಬರು ಕುಳಿತು, ಯೋಚಿಸಿ, ಬರೆದಿರಬೇಕೆಂಬುದು ಕೂಡ ನಮ್ಮ ಮನಸ್ಸಿಗೆ ಹೊಳೆಯುವುದಿಲ್ಲ.

ಆದರೆ ಬೆಂಗಳೂರನ್ನು ಬಿಟ್ಟು ಉತ್ತರಕ್ಕೆ ಹೊರಟು, ದೇವನಹಳ್ಳಿಯ ಕೋಟೆಯನ್ನು ದಾಟಿ ವಿಜಯಪುರದ ಕಡೆಗೆ ಹೋದಿರಾದರೆ, ಇಂಥ ಕಾಗದಕ್ಕೆ ಬೇರೆಯೇ ಬೆಲೆಯಿರುವುದನ್ನು ಕಾಣುವಿರಿ. ದಾರಿಯ ಇಕ್ಕೆಲಗಳಲ್ಲಿ ಹಿಪ್ಪುನೇರಳೆಯ ತೋಟಗಳು. ತೋಟದ ಬದಿಯಲ್ಲಿ ಹುಳು ಸಾಕುವ ಮನೆಗಳು. ರೇಷ್ಮೆಯ ಕಸುಬಿನ ಬಗ್ಗೆ ಇಲಾಖೆಯವರೂ ವಿಜ್ಞಾನಸಂಸ್ಥೆಗಳವರೂ ಕನ್ನಡದಲ್ಲಿ ಅಚ್ಚು ಮಾಡಿಸಿ ಹಂಚುವ ಕರಪತ್ರಗಳು ಇಂಥ ಮನೆಗಳನ್ನು ತಲಪುತ್ತವೆ. ಅಲ್ಲಿ ರಿಪೇರಿಯವನಿಲ್ಲ. ಕಾಗದದಲ್ಲಿ ಒಂದು ಅಂಕಿ ತಪ್ಪಾದರೆ, ಒಂದು ಪದ ಎರಡು ಅರ್ಥ ಕೊಟ್ಟರೆ, ಒಂದು ತಿಂಗಳ ದುಡಿಮೆ ತಿಪ್ಪೆಗೆ ಹೋಗುತ್ತದೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯು 1986ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 2007ರಲ್ಲಿ ರಾಮನಗರವು ಬೇರೆಯಾದ ಮೇಲೆ ಅದರಲ್ಲಿ ಉಳಿದಿರುವವು ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು. ಈ ಸೀಮೆಯಲ್ಲಿ ರೇಷ್ಮೆಯ ಕಥೆಯು ಆದಿಯಿಂದ ಅಂತ್ಯದವರೆಗೂ ಕಾಣಸಿಗುತ್ತದೆ. ಸೊಪ್ಪು ಇಲ್ಲಿಯೇ ಬೆಳೆಯುತ್ತದೆ. ಹುಳು ಇಲ್ಲಿಯೇ ಮೇಯುತ್ತದೆ. ಗೂಡು ವಿಜಯಪುರದ ಮಾರುಕಟ್ಟೆಗೆ ಬರುತ್ತದೆ. ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ಸೀರೆಯಾಗುತ್ತದೆ. ಹಬ್ಬಕ್ಕೆಂದು ನಮ್ಮ ಮನೆಯವರು ಆರಿಸಿಕೊಂಡ ಸೀರೆಯ ಹಿಂದೆ, ಇಂಥದೊಂದು ಕರಪತ್ರವನ್ನು ನಂಬಿ ಹುಳು ಮೇಯಿಸಿದ ಸಂಸಾರವೂ ಇರುವುದುಂಟು.

ಹಾಗಾದರೆ ಆ ಕರಪತ್ರವನ್ನು ಬರೆಯತಕ್ಕವನು ಯಾರು? ಅವನಿಗೆ ರೇಷ್ಮೆಯ ಶಾಸ್ತ್ರ ಎಷ್ಟು ತಿಳಿದಿರಬೇಕು? ಕನ್ನಡ ಪಾಠ ಹೇಳುವ ನನ್ನಂಥವರ ಬಳಿಗೆ ಒಮ್ಮೊಮ್ಮೆ ಇಂಥ ಕರಡುಗಳು "ಭಾಷೆಯನ್ನಷ್ಟು ನೋಡಿಕೊಡಿ" ಎಂಬ ವಿನಂತಿಯೊಡನೆ ಬರುವುದುಂಟು. ವಿಷಯವನ್ನು ಮುಟ್ಟದೆ ಭಾಷೆಯನ್ನು ಮಾತ್ರ ನೋಡಿಕೊಡುವುದು ಸಾಧ್ಯವೇ ಎಂಬ ಪ್ರಶ್ನೆಯೂ ಅವುಗಳ ಜೊತೆಯಲ್ಲಿಯೇ ಬರುತ್ತದೆ.

ಎರಡು ಮತಗಳು

ಈ ವಿಷಯದಲ್ಲಿ ಎರಡು ಮತಗಳಿವೆ. ಶಾಸ್ತ್ರ ಬಲ್ಲವನೇ ಬರೆಯಬೇಕು, ಉಳಿದವರು ಕೈಹಾಕಬಾರದು ಎಂಬುದು ಒಂದು. ಶಾಸ್ತ್ರಜ್ಞನು ವಿಷಯವನ್ನು ಕೊಡಲಿ, ಭಾಷೆ ಬಲ್ಲವನು ಅದನ್ನು ತಿಳಿಯಾಗಿಸಲಿ ಎಂಬುದು ಇನ್ನೊಂದು. ಕನ್ನಡದಲ್ಲಿ ಇವೆರಡಕ್ಕೂ ದೊಡ್ಡ ನಿದರ್ಶನಗಳಿವೆ. 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದವರಲ್ಲಿ ಪ್ರಮುಖರಾದ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದವರು. 'ಹಸುರು ಹೊನ್ನು' ಗ್ರಂಥಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಬಿ. ಜಿ. ಎಲ್. ಸ್ವಾಮಿಯವರು ಸಸ್ಯಶಾಸ್ತ್ರದ ವಿದ್ವಾಂಸರು. ಇನ್ನೊಂದು ಕಡೆಯಲ್ಲಿ ಶಿವರಾಮ ಕಾರಂತರಿದ್ದಾರೆ. ಕಾಲೇಜಿನ ವ್ಯಾಸಂಗವನ್ನು ನಡುವೆಯೇ ಬಿಟ್ಟ ಅವರು ಮಕ್ಕಳಿಗೆ 'ಬಾಲಪ್ರಪಂಚ'ವನ್ನೂ ದೊಡ್ಡವರಿಗೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಕೊಟ್ಟರು.

ಆದರೆ ಈ ಗ್ರಂಥಗಳಿಗೂ ನಮ್ಮ ಕರಪತ್ರಕ್ಕೂ ಒಂದು ವ್ಯತ್ಯಾಸವಿದೆ. ಇವುಗಳನ್ನು ನಾವು ತಿಳಿಯುವುದಕ್ಕಾಗಿ ಓದುತ್ತೇವೆ; ಅದನ್ನು ರೈತನು ಮಾಡುವುದಕ್ಕಾಗಿ ಓದುತ್ತಾನೆ. ನಕ್ಷತ್ರಗಳ ವಿಷಯದಲ್ಲಿ ಒಂದು ವಾಕ್ಯ ನಮಗೆ ಅರ್ಥವಾಗದಿದ್ದರೆ ನಕ್ಷತ್ರಗಳಿಗೇನೂ ಬಾಧೆಯಿಲ್ಲ. ಹುಳುವಿನ ಮನೆಯನ್ನು ತೊಳೆಯುವ ವಿಷಯದಲ್ಲಿ ಒಂದು ವಾಕ್ಯ ಅರ್ಥವಾಗದಿದ್ದರೆ ಹುಳು ಸಾಯುತ್ತದೆ. ಆದುದರಿಂದ ಕರಪತ್ರದವನ ಜ್ಞಾನವನ್ನು ಅಳೆಯುವುದಕ್ಕೆ ಬೇರೊಂದು ಕೋಲು ಬೇಕು.

ಶೇಕಡಾ ಎರಡು, ಆದರೆ ಯಾವುದರ ಎರಡು?

ಒಂದು ಚಿಕ್ಕ ಉದಾಹರಣೆಯನ್ನು ನೋಡೋಣ. ಹೊಸ ಮರಿಹುಳುಗಳನ್ನು ತಟ್ಟೆಗೆ ಬಿಡುವ ಮೊದಲು ಮನೆಯನ್ನೂ ತಟ್ಟೆಗಳನ್ನೂ ಸೋಂಕು ತೊಲಗುವಂತೆ ಶುದ್ಧಿ ಮಾಡಬೇಕು. ಇದಕ್ಕೆ ಬಹುಕಾಲ ಬಳಕೆಯಲ್ಲಿದ್ದ ಔಷಧ ಫಾರ್ಮಲಿನ್. ಸಂಶೋಧಕರ ಬರಹಗಳಲ್ಲಿ ಅದರ ಪ್ರಮಾಣವನ್ನು ಎರಡೇ ಮಾತುಗಳಲ್ಲಿ ಹೇಳಿಬಿಡುವುದುಂಟು: "ಶೇ. 2ರ ಫಾರ್ಮಲಿನ್". ರಸಾಯನಶಾಸ್ತ್ರ ಓದಿದವನಿಗೆ ಇದರಲ್ಲಿ ಯಾವ ತೊಡಕೂ ಇಲ್ಲ. ಅಂಗಡಿಯಲ್ಲಿ ಸಿಕ್ಕುವ ಫಾರ್ಮಲಿನ್ ಎಂಬ ದ್ರವದಲ್ಲಿ ಫಾರ್ಮಾಲ್ಡಿಹೈಡ್ ಎಂಬ ವಸ್ತು ನೂರಕ್ಕೆ ಸುಮಾರು 36 ಪಾಲಿನಷ್ಟು ಮಾತ್ರ ಇರುತ್ತದೆಂಬುದು ಅವನಿಗೆ ಗೊತ್ತು. ಶೇಕಡಾ ಎರಡು ಎಂದರೆ ಆ ವಸ್ತುವಿನ ಎರಡು ಪಾಲು ಎಂಬುದೂ ಗೊತ್ತು. 36ರಲ್ಲಿ ಬೇಕಾದ 2ನ್ನು ಕಳೆದು, ಉಳಿದ 34ನ್ನು 2ರಿಂದ ಭಾಗಿಸಿದರೆ 17. ಒಂದು ಪಾಲು ಫಾರ್ಮಲಿನ್ನಿಗೆ ಹದಿನೇಳು ಪಾಲು ನೀರು.

ಇದನ್ನು ಅರಿಯದ ಓದುಗನು ಏನು ಮಾಡುತ್ತಾನೆ? ಬಾಟಲಿಯ ದ್ರವವನ್ನು ಎರಡು ಪಾಲು ತೆಗೆದುಕೊಂಡು ತೊಂಬತ್ತೆಂಟು ಪಾಲು ನೀರಿಗೆ ಬೆರಸುತ್ತಾನೆ. ಅವನ ಲೆಕ್ಕದಲ್ಲಿ ಅದು ಸರಿಯಾದ ಶೇಕಡಾ ಎರಡು. ನಿಜವಾಗಿ ಅದರಲ್ಲಿರುವ ಔಷಧವು ಶೇಕಡಾ 0.72, ಬೇಕಾದುದರ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಮನೆಯ ತುಂಬ ಔಷಧದ ವಾಸನೆ ಹರಡುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕೆಲಸವಾಯಿತೆಂಬ ತೃಪ್ತಿಯೂ ಆಗುತ್ತದೆ. ರೋಗದ ಬೀಜಗಳು ಮಾತ್ರ ಬಿರುಕುಗಳಲ್ಲಿ ಉಳಿದುಕೊಳ್ಳಬಹುದು.

ಇಲ್ಲಿಯ ಅನ್ಯಾಯವನ್ನು ಗಮನಿಸಬೇಕು. ಹುಳುವಿನ ಬಾಳು ಇಪ್ಪತ್ತನಾಲ್ಕರಿಂದ ಇಪ್ಪತ್ತೆಂಟು ದಿನ. ಅದು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಕೊನೆಯದಾದ ಐದನೆಯ ಹಂತದಲ್ಲಿಯೇ ತಿನ್ನುತ್ತದೆ. ರೋಗವು ಎದ್ದು ಕಾಣುವುದೂ ಹೆಚ್ಚಾಗಿ ಆ ಹಂತದಲ್ಲಿಯೇ. ತೋಟದ ಸೊಪ್ಪೆಲ್ಲ ಮುಗಿದು, ಕೂಲಿಯೆಲ್ಲ ಕೊಟ್ಟಾಗಿ, ಇನ್ನೇನು ಹುಳು ಗೂಡಿಗೆ ಏರಬೇಕೆಂಬಾಗ ತಟ್ಟೆತಟ್ಟೆಯೇ ಕೊಳೆತು ನಾರುತ್ತದೆ. ತಪ್ಪು ನಡೆದುದು ಮೊದಲನೆಯ ದಿನ, ಒಂದು ವಾಕ್ಯದಲ್ಲಿ. ನಷ್ಟ ತೋರಿದುದು ಇಪ್ಪತ್ತು ದಿನಗಳ ಮೇಲೆ, ತಟ್ಟೆಯಲ್ಲಿ. ಮಳೆಯನ್ನೋ ಮೊಟ್ಟೆಯನ್ನೋ ಹಣೆಬರಹವನ್ನೋ ದೂರುವರೇ ಹೊರತು ಕಾಗದದ ವಾಕ್ಯವನ್ನು ಯಾರೂ ದೂರುವುದಿಲ್ಲ. ಆದುದರಿಂದಲೇ ಅಂಥ ವಾಕ್ಯವು ಮುಂದಿನ ಮುದ್ರಣದಲ್ಲಿಯೂ ಹಾಗೆಯೇ ಉಳಿಯುತ್ತದೆ.

ಈ ವಾಕ್ಯವನ್ನು ಸರಿಪಡಿಸುವುದಕ್ಕೆ ಎಷ್ಟು ರಸಾಯನಶಾಸ್ತ್ರ ಬೇಕು? ಫಾರ್ಮಾಲ್ಡಿಹೈಡಿನ ಅಣುರಚನೆಯು ಬೇಕಿಲ್ಲ. ಅದು ರೋಗಾಣುವನ್ನು ಕೊಲ್ಲುವ ಬಗೆಯೂ ಬೇಕಿಲ್ಲ. ಬಾಟಲಿಯಲ್ಲಿರುವುದೂ ವಾಕ್ಯದಲ್ಲಿರುವುದೂ ಒಂದೇ ಅಲ್ಲವೆಂಬ ಅರಿವು ಬೇಕು. ಅದಿದ್ದವನು ಶೇಕಡದ ಲೆಕ್ಕವನ್ನು ತಾನೇ ಮಾಡಿ ಮುಗಿಸಿ, "ಬಾಟಲಿಯ ಫಾರ್ಮಲಿನ್ ಒಂದು ಲೀಟರ್, ನೀರು ಹದಿನೇಳು ಲೀಟರ್" ಎಂದು ಬರೆಯುತ್ತಾನೆ.

ಬ್ಲೀಚಿಂಗ್ ಪುಡಿಯ ವಿಷಯವೂ ಹೀಗೆಯೇ. ನೂರು ಲೀಟರ್ ನೀರಿಗೆ ಎರಡು ಕಿಲೋ ಪುಡಿ, ಮುನ್ನೂರು ಗ್ರಾಂ ಅರಳಿಸಿದ ಸುಣ್ಣ ಎಂಬುದು ಪದ್ಧತಿ. ಸುಣ್ಣವೇಕೆ ಎಂಬುದನ್ನು ತಿಳಿಯದ ಲೇಖಕನು ಸ್ಥಳವಿಲ್ಲವೆಂದು ಅದನ್ನು ಬಿಟ್ಟಾನು. ಹುಳುವಿಗೆ ಹಾಲುತೊಂಡೆ ರೋಗ ತರುವ ವೈರಸ್ಸು ಒಂದು ಗಟ್ಟಿಯಾದ ಹೊದಿಕೆಯೊಳಗೆ ಅಡಗಿರುತ್ತದೆ. ಆ ಹೊದಿಕೆ ಕರಗುವುದು ಕ್ಷಾರದಲ್ಲಿ. ಸುಣ್ಣವು ಒದಗಿಸುವುದು ಆ ಕ್ಷಾರವನ್ನೇ. ಇಷ್ಟನ್ನು ತಿಳಿದವನು ಸುಣ್ಣವನ್ನು ಬಿಡುವುದಿಲ್ಲ. ಪುಡಿಯ ಸತ್ತ್ವವೆಲ್ಲ ಅದರಿಂದ ಹೊರಡುವ ಕ್ಲೋರಿನ್ನಿನಲ್ಲಿದೆ, ಗಾಳಿಗೆ ಬಿಟ್ಟರೆ ಅದು ಹಾರಿಹೋಗುತ್ತದೆ ಎಂಬುದನ್ನು ತಿಳಿದವನು ಇನ್ನೊಂದು ಸಾಲನ್ನು ತಾನಾಗಿ ಸೇರಿಸುತ್ತಾನೆ: "ಬಾಯಿ ಬಿಚ್ಚಿಟ್ಟ ಹಳೆಯ ಚೀಲದ ಪುಡಿಯನ್ನು ಬಳಸಬೇಡಿ."

ಜ್ವರವೆಂದರೆ ಜ್ವರವಲ್ಲ

ಇನ್ನು ಭಾಷೆಯ ಕಡೆಗೆ ಬರೋಣ. ಭಾಷೆ ಬಲ್ಲವನಿಗೆ ಇಲ್ಲಿ ಭಯವಿಲ್ಲವೆಂದು ತೋರಬಹುದು. ವಾಸ್ತವವಾಗಿ ಅವನು ಹೆಚ್ಚು ಎಚ್ಚರದಿಂದಿರಬೇಕಾದುದು ಇಲ್ಲಿಯೇ.

ರೇಷ್ಮೆಹುಳು ತನ್ನ ಬಾಳಿನಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯನ್ನು ಮೇಲೆತ್ತಿ, ಸುಮಾರು ಒಂದು ದಿನ ಅಲುಗಾಡದೆ ಇರುತ್ತದೆ. ನಮ್ಮ ರೈತರು ಇದನ್ನು 'ಜ್ವರ' ಎನ್ನುತ್ತಾರೆ. ಒಂದನೆಯ ಜ್ವರ, ಎರಡನೆಯ ಜ್ವರ ಎಂದು ಹೀಗೆ ನಾಲ್ಕು. ಇದು ಕಾಯಿಲೆಯಲ್ಲ, ಹುಳು ಬೆಳೆಯುವ ಕ್ರಮ. ಆಗ ಮಾಡತಕ್ಕದ್ದು ಏನೆಂದರೆ, ಸೊಪ್ಪು ಹಾಕದಿರುವುದು, ತಟ್ಟೆಯನ್ನು ಒಣಗಿದಂತೆ ಇಡುವುದು, ಸುಣ್ಣದ ಪುಡಿಯನ್ನು ತೆಳುವಾಗಿ ಉದುರಿಸುವುದು, ಹುಳುವನ್ನು ಮುಟ್ಟದಿರುವುದು. ಪಟ್ಟಣದ ಪಂಡಿತನೊಬ್ಬನು ಕರಡಿನಲ್ಲಿ 'ಜ್ವರ' ಎಂಬ ಪದವನ್ನು ಕಂಡು, ಅದನ್ನು ರೋಗಗಳ ಪಟ್ಟಿಗೆ ಸೇರಿಸಿದರೆ ಗತಿಯೇನು? ಅಥವಾ ಗ್ರಾಮ್ಯವೆಂದು ಹೊಡೆದುಹಾಕಿ, ಅದರ ಸ್ಥಾನದಲ್ಲಿ 'ನಿರ್ಮೋಚನಾವಸ್ಥೆ' ಎಂದು ಬರೆದರೆ ಓದುವವರಾರು?

'ಮೊಟ್ಟೆ' ಎಂಬ ಸರಳವಾದ ಮಾತನ್ನೇ ತೆಗೆದುಕೊಳ್ಳಿ. "ಈ ಸಲ ನೂರು ಮೊಟ್ಟೆ ಮೇಯಿಸುತ್ತಿದ್ದೇವೆ" ಎಂದು ಹುಳು ಸಾಕುವವರು ಹೇಳಿದರೆ ನೂರು ಹುಳುಗಳೆಂದು ತಿಳಿಯಬಾರದು. ಒಂದು ಚಿಟ್ಟೆಯು ಇಟ್ಟ ಮೊಟ್ಟೆಗಳ ಒಂದು ಗುಂಪು ಅವರ ಲೆಕ್ಕದಲ್ಲಿ ಒಂದು 'ಮೊಟ್ಟೆ'. ಅದರಲ್ಲಿ ನಾಲ್ಕುನೂರು ಐನೂರು ಮೊಟ್ಟೆಗಳಿರುತ್ತವೆ. ನೂರು ಮೊಟ್ಟೆಯೆಂದರೆ ನಲವತ್ತು ಐವತ್ತು ಸಾವಿರ ಹುಳು! ಇದನ್ನರಿಯದೆ ಸೊಪ್ಪಿನ, ಜಾಗದ, ಔಷಧದ ಪ್ರಮಾಣವನ್ನು ಬರೆಯಹೊರಟವನು ಎಷ್ಟು ಸುಂದರವಾದ ಕನ್ನಡ ಬರೆದರೇನು ಪ್ರಯೋಜನ?

ರೋಗಗಳಿಗೂ ಇಲ್ಲಿ ಒಳ್ಳೆಯ ಹೆಸರುಗಳಿವೆ. ಹುಳುವಿನ ಮೈ ಉಬ್ಬಿ ಹಾಲಿನಂಥ ದ್ರವ ಒಸರಿದರೆ ಹಾಲುತೊಂಡೆ. ಸಡಿಲವಾಗಿ ಮೆತ್ತಗಾದರೆ ಸಪ್ಪೆರೋಗ. ಸತ್ತ ಹುಳು ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಗಟ್ಟಿಯಾದರೆ ಸುಣ್ಣಕಟ್ಟು. ಎಲ್ಲಕ್ಕಿಂತ ಭಯಂಕರವಾದುದು, ತಾಯಿಯಿಂದ ಮೊಟ್ಟೆಗೆ ಇಳಿಯುವ ಗಂಟುರೋಗ. ಈ ಹೆಸರುಗಳಲ್ಲಿ ಹಲವು ತಾವೇ ರೋಗದ ಲಕ್ಷಣವನ್ನು ಹೇಳುತ್ತವೆ. ಇವನ್ನು ಕಟ್ಟಿದವರು ನಿಘಂಟುಕಾರರಲ್ಲ. ದಿನವೂ ತಟ್ಟೆಯ ಮುಂದೆ ನಿಂತವರು. ಊಜಿ ನೊಣವು 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟಾಗ ಅದರ ಹೆಸರೂ ಅದರೊಡನೆಯೇ ಬಂದು ಹಳ್ಳಿಹಳ್ಳಿಗೂ ಹರಡಿತು. ಅದಕ್ಕೊಂದು ಸಂಸ್ಕೃತಪದವನ್ನು ಕಟ್ಟಿಕೊಡಿರೆಂದು ಯಾರೂ ಕಾದು ಕೂರಲಿಲ್ಲ. ಲೇಖಕನ ಮೊದಲ ಶಾಸ್ತ್ರಾಭ್ಯಾಸವೆಂದರೆ ಈ ಪದಗಳನ್ನು ಅವುಗಳ ಅರ್ಥದೊಡನೆ ಕಲಿಯುವುದು. ಪದವನ್ನು ಕಲಿಯುತ್ತ ಹೋದಂತೆ ಕಸುಬಿನ ಅರ್ಧಪಾಲು ತಾನಾಗಿ ತಿಳಿದುಬರುತ್ತದೆ.

ದೊರೆಯೂ ಕೇಳಿ ತಿಳಿದ

ರೇಷ್ಮೆಯ ಜ್ಞಾನವು ನಮ್ಮ ನಾಡಿಗೆ ಹೊರಗಿನಿಂದ ಬಂದುದು. ಅದನ್ನು ಮೈಸೂರು ಸೀಮೆಗೆ ತರಿಸಿದ ಟೀಪು ಸುಲ್ತಾನನು ಹುಟ್ಟಿದ್ದು ಇದೇ ದೇವನಹಳ್ಳಿಯಲ್ಲಿ. 1780ರ ದಶಕದಲ್ಲಿ ಅವನು ಹುಳು ತರುವುದಕ್ಕಾಗಿ ಬಂಗಾಳಕ್ಕೆ ಜನರನ್ನು ಕಳುಹಿಸಿದ್ದನು. ಅವರು ಹಿಂದಿರುಗುವ ಸಮಯಕ್ಕೆ ಶ್ರೀರಂಗಪಟ್ಟಣದ ಅಧಿಕಾರಿಗೆ ಅವನು ಬರೆಸಿದ ಪತ್ರವೊಂದು ಉಳಿದುಬಂದಿದೆ. ಹುಳುಗಳನ್ನು ಎಂಥ ಸ್ಥಳದಲ್ಲಿ ಇಡಬೇಕು, ಅವನ್ನು ಹೆಚ್ಚಿಸುವ ಉಪಾಯವೇನು ಎಂಬುದನ್ನು ಬಂಗಾಳದಿಂದ ಬಂದವರಿಂದಲೇ ಕೇಳಿ ತಿಳಿದು ತನಗೂ ತಿಳಿಸಬೇಕೆಂದು ಅದರ ತಾತ್ಪರ್ಯ. ಆಜ್ಞೆ ಮಾಡುವ ಅಧಿಕಾರವುಳ್ಳ ದೊರೆಯು ಹುಳುವಿನ ವಿಷಯದಲ್ಲಿ ಆಜ್ಞೆ ಮಾಡದೆ, ಕಣ್ಣಾರೆ ಕಂಡು ಬಂದವರನ್ನು ಕೇಳಿರೆಂದ.

ಆಮೇಲೆಯೂ ಬಹುಕಾಲ ಈ ವಿದ್ಯೆ ನಡೆದುದು ಮನುಷ್ಯರ ಜೊತೆಯಲ್ಲಿಯೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್‌ಶೇಟ್‌ಜಿ ತಾತಾ ಅವರು ಬೆಂಗಳೂರಿನಲ್ಲಿ ರೇಷ್ಮೆ ಫಾರ್ಮನ್ನು ತೆರೆದಾಗ ಜಪಾನಿನಿಂದ ಬಲ್ಲವರನ್ನು ಕರೆಸಿದರು. ತಾಯಿ ಮಗಳಿಗೆ, ಅತ್ತೆ ಸೊಸೆಗೆ ತಟ್ಟೆಯ ಮುಂದೆ ನಿಂತು ಹೇಳಿಕೊಟ್ಟರು. ಅಲ್ಲಿ ಬರೆಹಗಾರನ ಅವಶ್ಯಕತೆಯೇ ಇರಲಿಲ್ಲ.

ಸ್ವಾತಂತ್ರ್ಯಾನಂತರ ಸ್ಥಿತಿ ಬದಲಾಯಿತು. 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ, 1961ರಲ್ಲಿ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ, 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದವು. ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಬಂದಿತು. ಹೊಸ ತಳಿ, ಹೊಸ ಔಷಧ, ಹೊಸ ಕ್ರಮಗಳು ಪ್ರಯೋಗಶಾಲೆಯಲ್ಲಿ ಹುಟ್ಟತೊಡಗಿದವು. ಪ್ರಯೋಗಶಾಲೆಯ ಮಾತು ಬಹುಮಟ್ಟಿಗೆ ಇಂಗ್ಲಿಷು. ತಟ್ಟೆಯ ಮುಂದಿನ ಮಾತು ಕನ್ನಡ, ಕೆಲವು ಕಡೆ ತೆಲುಗು, ಉರ್ದು. ನಡುವೆ ಹೊಳೆಯೊಂದು ಹರಿಯತೊಡಗಿತು. ಸೇತುವೆ ಕಟ್ಟುವವನು ಬೇಕಾದನು.

ಗೂಡನ್ನು ಅಲುಗಿಸಿ ನೋಡಿದ ವಿಜ್ಞಾನಿ

"ಏನೂ ತಿಳಿಯದವನೇ ಚೆನ್ನಾಗಿ ಬರೆಯಬಲ್ಲ, ಏಕೆಂದರೆ ಓದುಗನಿಗೆ ಬರುವ ಸಂದೇಹಗಳೆಲ್ಲ ಅವನಿಗೂ ಬರುತ್ತವೆ" ಎಂದು ಕೆಲವರು ವಾದಿಸುವುದುಂಟು. ಈ ಮಾತಿನಲ್ಲಿ ಎಷ್ಟು ಸತ್ಯವಿದೆಯೆಂಬುದನ್ನು ಗಂಟುರೋಗದ ಚರಿತ್ರೆಯೇ ತೋರಿಸಿಕೊಡುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುವೆ ಈ ರೋಗವು ಫ್ರಾನ್ಸಿನ ರೇಷ್ಮೆಯನ್ನು ನಾಶದ ಅಂಚಿಗೆ ತಂದಿತ್ತು. 1865ರಲ್ಲಿ ಅದರ ಪರಿಹಾರಕ್ಕೆಂದು ನಿಯುಕ್ತನಾದವನು ಲೂಯಿ ಪಾಸ್ಚರ್. ಅವನು ರಸಾಯನಶಾಸ್ತ್ರಜ್ಞ, ರೇಷ್ಮೆಹುಳುವನ್ನು ಮುಟ್ಟಿದವನೇ ಅಲ್ಲ. ದಾರಿಯಲ್ಲಿ ಅವನು ಕೀಟಶಾಸ್ತ್ರಜ್ಞನಾದ ಫಾಬ್ರೆಯನ್ನು ಕಂಡು ಒಂದು ಗೂಡನ್ನು ಕೇಳಿ ಪಡೆದು, ಕಿವಿಯ ಬಳಿ ಅಲುಗಿಸಿ, ಒಳಗೆ ಏನೋ ಇದೆಯಲ್ಲ ಎಂದು ಆಶ್ಚರ್ಯಪಟ್ಟನೆಂದು ಫಾಬ್ರೆಯೇ ಬರೆದಿಟ್ಟಿದ್ದಾನೆ. ಗೂಡಿನೊಳಗೆ ಹುಳು ಕೋಶವಾಗಿರುತ್ತದೆಂಬುದು ನಮ್ಮ ವಿಜಯಪುರದ ಮಗುವಿಗೂ ಗೊತ್ತು, ಪಾಸ್ಚರನಿಗೆ ಗೊತ್ತಿರಲಿಲ್ಲ!

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪಾಸ್ಚರನು ರೇಷ್ಮೆಯ ಸೀಮೆಯಾದ ಆಲೆಸ್ ಪಟ್ಟಣಕ್ಕೆ ವರ್ಷವರ್ಷವೂ ಹೋಗಿ ನೆಲಸಿ, ಹುಳುಗಳನ್ನು ತಾನೇ ಸಾಕಿಸಿ ನೋಡಿದನು. ಸೂಕ್ಷ್ಮದರ್ಶಕದಲ್ಲಿ ಕಾಣುವ ಕಣಗಳು ರೋಗದ ಕಾರಣವಲ್ಲವೆಂದು ಮೊದಲು ಎಣಿಸಿದ್ದವನು, ಹುಳುಗಳ ಸಾಕ್ಷ್ಯದ ಮುಂದೆ ತನ್ನ ಅಭಿಪ್ರಾಯವನ್ನು ತಿದ್ದಿಕೊಂಡನು. ಐದು ವರ್ಷಗಳ ಅನಂತರ, 1870ರಲ್ಲಿ ಅವನ ಗ್ರಂಥ ಹೊರಬಂದಿತು. ಅವನು ಕೊಟ್ಟ ಉಪಾಯವು ಬಹಳ ಸರಳವಾದುದು: ಪ್ರತಿಯೊಂದು ತಾಯಿಚಿಟ್ಟೆಯನ್ನೂ ಬೇರೆಬೇರೆಯಾಗಿ ಮೊಟ್ಟೆಯಿಡಿಸಿ, ಆಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡಿ. ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ತಾಯಿಚಿಟ್ಟೆಯ ಪರೀಕ್ಷೆ ನಡೆಯುವುದು ಈ ತತ್ತ್ವದ ಮೇಲೆಯೇ. ರೈತರು ಕೊಳ್ಳುವ 'ರೋಗರಹಿತ ಮೊಟ್ಟೆ' ಎಂಬ ಹೆಸರಿನ ಅರ್ಥವೂ ಇದೇ.

ಅಜ್ಞಾನವು ಪಾಸ್ಚರನಿಗೆ ಪ್ರಶ್ನೆ ಕೇಳುವ ಧೈರ್ಯ ಕೊಟ್ಟಿತೆಂಬುದು ನಿಜ. ಆದರೆ ಉತ್ತರವನ್ನು ಕೊಟ್ಟುದು ಐದು ವರ್ಷಗಳ ಹುಳುಸಾಕಣೆ. ಬರೆಯುವವನೂ ಅಜ್ಞಾನಿಯಾಗಿಯೇ ಆರಂಭಿಸಬಹುದು, ಅದರಿಂದ ಲಾಭವೂ ಉಂಟು. ಅಲ್ಲಿಯೇ ನಿಂತು ಬರೆಯಹೊರಡುವುದು ಮಾತ್ರ ಅಪಾಯ.

ಕೇಳುವ ಕಿವಿ, ಮಾಡುವ ಕೈ

ಶಾಸ್ತ್ರದಷ್ಟೇ ಮುಖ್ಯವಾದ ಇನ್ನೊಂದು ತಿಳಿವಳಿಕೆಯಿದೆ. ಅದು ಓದುಗನ ಮನೆಯ ತಿಳಿವಳಿಕೆ. ಹುಳುವಿಗೆ ಸೊಪ್ಪು ಹಾಕುವ, ತಟ್ಟೆ ಬದಲಿಸುವ ಕೆಲಸದಲ್ಲಿ ಬಹುಪಾಲು ಮನೆಯ ಹೆಂಗಸರದು. ಕೈಯಲ್ಲಿ ಸೊಪ್ಪು ಹಿಡಿದ ತಾಯಿಯೊಬ್ಬಳು ಶಾಲೆಗೆ ಹೋಗುವ ಮಗಳಿಂದ ಕರಪತ್ರವನ್ನು ಓದಿಸಿಕೊಳ್ಳುತ್ತಿದ್ದಾಳೆಂದು ಭಾವಿಸಿಕೊಳ್ಳಿ. ಮಗಳು "ಸಾಪೇಕ್ಷ ಆರ್ದ್ರತೆಯನ್ನು ನಿರ್ವಹಿಸತಕ್ಕದ್ದು" ಎಂದು ಓದುತ್ತಾಳೆ. "ಹಂಗಂದ್ರೆ ಏನೇ?" ಎಂದು ತಾಯಿ. "ಗೊತ್ತಿಲ್ಲ ಕಣಮ್ಮ, ಮುಂದಕ್ಕೆ ಓದ್ಲಾ?" ಎಂದು ಮಗಳು. ಆ ಸಾಲು ಅಲ್ಲಿಗೆ ಸತ್ತಂತೆ.

ಈ ವಾಕ್ಯವನ್ನು ಬರೆದವನಿಗೆ ಶಾಸ್ತ್ರ ತಿಳಿದಿರಲಿಲ್ಲವೆಂದು ಹೇಳಲಾಗದು. ಎಳೆಯ ಹುಳುಗಳಿಗೆ ಇಪ್ಪತ್ತಾರರಿಂದ ಇಪ್ಪತ್ತೆಂಟು ಡಿಗ್ರಿ ಶಾಖವೂ ನೂರಕ್ಕೆ ಎಂಬತ್ತರಿಂದ ತೊಂಬತ್ತರಷ್ಟು ತೇವವೂ ಬೇಕು, ಬೆಳೆದ ಹುಳುಗಳಿಗೆ ಎರಡೂ ಕಡಮೆ ಸಾಕು ಎಂಬುದು ಅವನಿಗೆ ಗೊತ್ತಿತ್ತು. ಬೇಸಗೆಯಲ್ಲಿ ಆ ಮನೆಯ ಬಿಸಿ ಎಷ್ಟಿರುತ್ತದೆ, ತೇವವನ್ನು ಅಳೆಯುವ ಉಪಕರಣ ಅಲ್ಲಿ ಇದೆಯೋ ಇಲ್ಲವೋ, ಒದ್ದೆ ಗೋಣಿಯನ್ನು ಕಿಟಕಿಗೆ ಕಟ್ಟಬಹುದೋ ಬಾರದೋ ಎಂಬುದು ಗೊತ್ತಿರಲಿಲ್ಲ. "ಬಿಸಿಲು ಹೆಚ್ಚಾದ ದಿನ ಕಿಟಕಿಬಾಗಿಲುಗಳಿಗೆ ಒದ್ದೆ ಗೋಣಿಚೀಲ ಕಟ್ಟಿ" ಎಂದಿದ್ದರೆ ತಾಯಿಯ ಕೈ ತಾನಾಗಿ ಗೋಣಿಯ ಕಡೆಗೆ ಹೋಗುತ್ತಿತ್ತು. ಶಾಸ್ತ್ರಜ್ಞನೇ ಬರೆಯಬೇಕೆಂಬ ಮತವು ಸೋಲುವುದು ಇಂಥಲ್ಲಿ. ತಿಳಿದವನಿಗೆ, ತಾನು ತಿಳಿಯದೆ ಇದ್ದ ಕಾಲದ ನೆನಪು ಉಳಿದಿರುವುದಿಲ್ಲ.

ವಿಷದ ಡಬ್ಬಿಗಳ ವಿಷಯದಲ್ಲಿ ನಮ್ಮ ಕಾಯಿದೆಯು ಇದನ್ನು ಚೆನ್ನಾಗಿ ಅರಿತುಕೊಂಡಿದೆ. 1968ರ ಕೀಟನಾಶಕ ಕಾಯಿದೆ ಮತ್ತು 1971ರ ನಿಯಮಗಳ ಪ್ರಕಾರ ಚೀಟಿಯನ್ನೂ ಕರಪತ್ರವನ್ನೂ ಹಿಂದಿ, ಇಂಗ್ಲಿಷುಗಳ ಜೊತೆಗೆ ಪ್ರಾದೇಶಿಕ ಭಾಷೆಯಲ್ಲಿಯೂ ಅಚ್ಚು ಮಾಡಬೇಕು. ಅಷ್ಟಕ್ಕೇ ಬಿಡದೆ, ವಿಷದ ಪ್ರಮಾಣಕ್ಕೆ ತಕ್ಕಂತೆ ಕೆಂಪು, ಹಳದಿ, ನೀಲಿ, ಹಸುರು ಎಂಬ ಬಣ್ಣಗಳ ಗುರುತನ್ನು ಡಬ್ಬಿಯ ಮೇಲೆ ಹಾಕಬೇಕು. ಅತ್ಯಂತ ಘೋರವಾದುದಕ್ಕೆ ಕೆಂಪಿನೊಡನೆ ತಲೆಬುರುಡೆಯ ಚಿತ್ರ. ಓದಲು ಬಾರದವನೂ ಆ ಡಬ್ಬಿಯನ್ನು ಮುಟ್ಟಿಯಾನು ಎಂಬುದನ್ನು ನಿಯಮ ಬರೆದವರು ಎಣಿಸಿದ್ದರು.

ಹಳತಾಗುವ ಸತ್ಯ

ಬರೆಯುವವನಿಗೆ ತಿಳಿದಿರಬೇಕಾದ ಮತ್ತೊಂದು ಸಂಗತಿ, ತಾನು ಬರೆದುದು ಎಷ್ಟು ದಿನ ನಿಜವಾಗಿರುತ್ತದೆಂಬುದು. ಹಿಪ್ಪುನೇರಳೆಯ ಕೀಟಗಳಿಗೆ ಡಿ.ಡಿ.ವಿ.ಪಿ. ಎಂಬ ಡೈಕ್ಲೋರ್‌ವಾಸ್ ಔಷಧವನ್ನು ಸಿಂಪಡಿಸಬೇಕೆಂದು ಹಿಂದಿನ ಕರಪತ್ರಗಳಲ್ಲಿ ಹೇಳುತ್ತಿದ್ದರು. 2018ರ ಕೇಂದ್ರ ಸರಕಾರದ ಆಜ್ಞೆಯಂತೆ 2020ರ ಡಿಸೆಂಬರ್ 31ರಿಂದ ಅದು ದೇಶದಲ್ಲಿ ನಿಷಿದ್ಧವಾಗಿದೆ. ಫಾರ್ಮಾಲ್ಡಿಹೈಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಅಂದಮೇಲೆ ಹಳೆಯ ಕರಪತ್ರದ ವಾಕ್ಯವನ್ನು ಅಂದವಾಗಿ ತಿದ್ದಿಕೊಟ್ಟರೆ ಸಾಲದು. ಅದನ್ನು ಇಂದು ಹೇಳಬಹುದೇ ಎಂದು ಕೇಳುವಷ್ಟಾದರೂ ವಿಷಯ ಗೊತ್ತಿರಬೇಕು. ಕರಪತ್ರದ ಅಡಿಯಲ್ಲಿ ಮುದ್ರಣದ ವರ್ಷವನ್ನು ದಪ್ಪ ಅಕ್ಷರಗಳಲ್ಲಿ ಹಾಕುವುದು ಸಣ್ಣ ಕೆಲಸ. ಅದನ್ನು ಬಿಟ್ಟ ಕಾಗದವು ಹತ್ತು ವರ್ಷ ಗೋಡೆಯ ಮೇಲೆ ಕುಳಿತು ಸುಳ್ಳು ಹೇಳುತ್ತಿರಬಲ್ಲುದು.

ಹಾಗಾದರೆ ಎಷ್ಟು?

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಬರೆಯುವವನಿಗೆ ಹೊಸ ತಳಿಯನ್ನು ಸೃಷ್ಟಿಸುವಷ್ಟು ಜ್ಞಾನ ಬೇಡ. ತನ್ನ ಯಾವ ಪದ ತಪ್ಪಿದರೆ ಹುಳು ಸಾಯುತ್ತದೆ, ಯಾವ ಪದ ತಪ್ಪಿದರೆ ಮನುಷ್ಯನಿಗೇ ಅಪಾಯ, ಯಾವುದು ತಪ್ಪಿದರೂ ನಡೆಯುತ್ತದೆ ಎಂಬುದನ್ನು ವಿಂಗಡಿಸುವಷ್ಟು ಜ್ಞಾನ ಬೇಕು. "ಹೀಗೆ ಮಾಡದಿದ್ದರೆ ಏನಾಗುತ್ತದೆ?" ಎಂದು ರೈತನು ಕೇಳಿದರೆ ಪ್ರತಿಯೊಂದು ಸಾಲಿಗೂ ಉತ್ತರ ಕೊಡುವಂತಿರಬೇಕು. ಉತ್ತರ ಬಾರದ ಸಾಲು ಇನ್ನೂ ತನ್ನದಾಗಿಲ್ಲವೆಂದು ತಿಳಿದು, ಬಲ್ಲವರ ಬಳಿಗೆ ಹೋಗಬೇಕು.

ಇದಕ್ಕೆ ಪದವಿಯೇನೂ ಬೇಕಿಲ್ಲ. ನನ್ನ ಎಣಿಕೆಯಲ್ಲಿ ಒಂದು ಬೆಳೆ ಸಾಕು. ಮೊಟ್ಟೆ ತಂದ ದಿನದಿಂದ ಹಿಡಿದು, ನಾಲ್ಕು ಜ್ವರಗಳನ್ನು ದಾಟಿ, ಹಣ್ಣಾದ ಹುಳು ಚಂದ್ರಿಕೆ ಏರಿ ಗೂಡು ಕಟ್ಟಿ, ಆ ಗೂಡು ವಿಜಯಪುರದ ಮಾರುಕಟ್ಟೆಯಲ್ಲಿ ಹರಾಜಾಗುವವರೆಗೆ ಒಂದು ಮನೆಯ ಜೊತೆಯಲ್ಲಿದ್ದು ನೋಡಿದವನು ಬರೆಯುವುದಕ್ಕೆ ಅರ್ಹನಾಗುತ್ತಾನೆ. ಗೂಡನ್ನು ಐದಾರು ದಿನ ಕಾಯದೆ ಅವಸರದಲ್ಲಿ ಬಿಡಿಸಿದರೆ ಒಳಗಿನ ಎಳೆಯ ಕೋಶ ಒಡೆದು ರೇಷ್ಮೆಗೆ ಕಲೆಯಾಗುತ್ತದೆಂಬುದನ್ನು ಅವನು ಕಣ್ಣಾರೆ ಕಂಡಿರುತ್ತಾನೆ. ಆ ಎಚ್ಚರಿಕೆಯನ್ನು ಎಲ್ಲಿ, ಎಷ್ಟು ದೊಡ್ಡ ಅಕ್ಷರದಲ್ಲಿ ಹಾಕಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬರೆದು ಮುಗಿಸಿದ ಮೇಲೆ ಇನ್ನೊಂದು ಪರೀಕ್ಷೆ ಉಳಿಯುತ್ತದೆ. ಕರಡನ್ನು ಅಚ್ಚಿಗೆ ಕೊಡುವ ಮೊದಲು ಹುಳು ಸಾಕುವ ಮನೆಯೊಂದಕ್ಕೆ ಹೋಗಿ, ಗಟ್ಟಿಯಾಗಿ ಓದಿ ಹೇಳಿ, ಸುಮ್ಮನೆ ನಿಂತು ಅವರ ಕೈಗಳನ್ನು ನೋಡಬೇಕು. ಕೈ ತಡವರಿಸಿದ ಕಡೆ ವಾಕ್ಯ ತಪ್ಪಾಗಿದೆಯೆಂದು ಅರ್ಥ. "ಅರ್ಥವಾಯಿತೇ?" ಎಂದು ಕೇಳುವುದರಿಂದ ಫಲವಿಲ್ಲ; ಬಂದವರ ಮನಸ್ಸನ್ನು ನೋಯಿಸಲಾರದೆ "ಆಯ್ತು ಸ್ವಾಮಿ" ಎನ್ನುವ ಸೌಜನ್ಯ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ.

ನಮ್ಮ ಕಾಲೇಜುಗಳಲ್ಲಿ ಕನ್ನಡ ಎಂ.ಎ. ಮಾಡಿದ ತರುಣತರುಣಿಯರು ಅನೇಕರಿದ್ದಾರೆ. ಹಳಗನ್ನಡದ ಕಠಿನವಾದ ಪದ್ಯಕ್ಕೆ ಅನ್ವಯ ಹೇಳಬಲ್ಲವರಿಗೆ ಕರಪತ್ರದ ವಾಕ್ಯವನ್ನು ಬಿಡಿಸಿ ಬರೆಯುವ ಶಕ್ತಿಯಿಲ್ಲವೆಂದು ನಾನು ಒಪ್ಪಲಾರೆ. ಅವರಲ್ಲಿ ಪ್ರತಿವರ್ಷವೂ ನಾಲ್ಕು ಮಂದಿಯನ್ನಾದರೂ ಒಂದು ಬೆಳೆಯ ಕಾಲ ದೇವನಹಳ್ಳಿಯ ಅಥವಾ ಹೊಸಕೋಟೆಯ ರೈತರ ಮನೆಗೆ ಕಳುಹಿಸುವ ಏರ್ಪಾಡಾಗಬೇಕು. ಶಾಸ್ತ್ರಜ್ಞರು ಅವರ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರ ಕೊಡಬೇಕು. ಕರಪತ್ರದ ಮೇಲೆ ಅವರ ಹೆಸರು ಅಚ್ಚಾಗಲಾರದು, ಬಹುಮಾನವೂ ಬರಲಾರದು. ಆದರೆ ಮುಂದಿನ ಬೆಳೆಯಲ್ಲಿ ಯಾವುದೋ ಮನೆಯ ತಾಯಿಯೊಬ್ಬಳು ಒಂದು ಲೀಟರಿಗೆ ಹದಿನೇಳು ಲೀಟರ್ ನೀರನ್ನು ಸರಿಯಾಗಿ ಅಳೆದು ಹಾಕುತ್ತಾಳೆ.